ಕ್ರ್ಯಾಂಕ್ ಎಷ್ಟು ಉದ್ದವಿರಬೇಕು? ಟ್ರಯಥ್ಲಾನ್ ಸೈಕಲ್ಲನ್ನು ಮೈಗೆ ಹೊಂದಿಸುವ ಕ್ರಮ

ಕಾಸರಗೋಡಿನ ಕಡೆ ಟ್ರಯಥ್ಲಾನ್ (ಈಜು, ಸೈಕಲ್, ಓಟ ಮೂರೂ ಸೇರಿದ ಸ್ಪರ್ಧೆ) ಅಭ್ಯಾಸಕ್ಕೆ ಇಳಿಯುವವರು ಸೈಕಲ್ ಕೊಳ್ಳುವಾಗ ಚೌಕಟ್ಟಿನ ಗಾತ್ರವನ್ನೂ ಗೇರುಗಳನ್ನೂ ವಿಚಾರಿಸುತ್ತಾರೆ. ಪೆಡಲನ್ನು ಹೊತ್ತು ತಿರುಗುವ ತೋಳಾದ ಕ್ರ್ಯಾಂಕಿನ ಉದ್ದವನ್ನು ಕೇಳುವವರು ಕಡಿಮೆ. ಮುಂದಕ್ಕೆ ಚಾಚಿದ ಹಿಡಿಗಳಾದ ಏರೋಬಾರಿನ ಮೇಲೆ ಮೊಣಕೈ ಊರಿ ಗಂಟೆಗಟ್ಟಲೆ ಬಾಗಿ ಕುಳಿತಾಗ ಹೊಟ್ಟೆಗೂ ತೊಡೆಗೂ ನಡುವೆ ಎಷ್ಟು ಎಡೆ ಉಳಿಯುತ್ತದೆ ಎಂಬುದು ಬಹುಪಾಲು ಈ ಉದ್ದವನ್ನೇ ಅವಲಂಬಿಸಿದೆ. ಸೀಟಿನ ಎತ್ತರವೂ ಹ್ಯಾಂಡಲಿನ ಎತ್ತರವೂ ಅದನ್ನು ಅನುಸರಿಸುವುದರಿಂದ ಮೊದಲು ತೀರ್ಮಾನಿಸಬೇಕಾದದ್ದು ಕ್ರ್ಯಾಂಕನ್ನೇ.

ಕ್ರ್ಯಾಂಕ್ ತಿರುಗುವ ಅಚ್ಚಿನ ನಡುವಿನಿಂದ ಪೆಡಲಿನ ಅಚ್ಚಿನ ನಡುವಿನವರೆಗಿನ ಅಂತರವೇ ಅದರ ಉದ್ದ. ಹೆಚ್ಚಿನವುಗಳಲ್ಲಿ ಪೆಡಲಿನ ಬಳಿ ಒಳಮೈಯಲ್ಲಿ 165, 170, 172.5 ಅಥವಾ 175 ಎಂದು ಮಿಲಿಮೀಟರ್ ಲೆಕ್ಕದಲ್ಲಿ ಕೆತ್ತಿರುತ್ತಾರೆ.

ಅದು ನಿಮಗೆ ಉದ್ದವಾಗಿದೆಯೇ ಎಂದು ತಿಳಿಯಲು ಆಟಿಯ ಮಳೆಗಾಲವೇ ಅನುಕೂಲ. ಹೊರಗೆ ಹೋಗಲಾಗದ ದಿನ ಸೈಕಲ್ಲನ್ನು ಟ್ರೈನರ್ (ನಿಂತಲ್ಲೇ ತುಳಿಯಲು ಬಳಸುವ ಸ್ಟ್ಯಾಂಡ್) ಮೇಲೆ ನಿಲ್ಲಿಸಿ, ಫೋನನ್ನು ಪಕ್ಕದಲ್ಲಿ ಸೊಂಟದ ಎತ್ತರಕ್ಕೆ ಇಟ್ಟು, ಸ್ಪರ್ಧೆಯ ಭಂಗಿಯಲ್ಲೇ ಹತ್ತು ನಿಮಿಷ ತುಳಿದು ಚಿತ್ರೀಕರಿಸಿರಿ. ಎದುರಿನಿಂದಲೂ ಒಮ್ಮೆ ತೆಗೆಯಿರಿ. ಪೆಡಲ್ ತುತ್ತತುದಿಗೆ ಬಂದಾಗ ತೊಡೆ ಹೊಟ್ಟೆಗೆ ತಾಗುತ್ತಿದ್ದರೆ, ಮೊಣಕಾಲು ಹೊರಕ್ಕೆ ವಾಲುತ್ತಿದ್ದರೆ, ಸೊಂಟ ಸೀಟಿನ ಮೇಲೆ ಅತ್ತಿತ್ತ ಅಲುಗುತ್ತಿದ್ದರೆ ಅಥವಾ ಉಸಿರು ಪೂರ್ತಿ ಎಳೆಯಲಾಗದಿದ್ದರೆ ಕ್ರ್ಯಾಂಕ್ ಉದ್ದವಾಗಿರುವ ಸಂಭವವಿದೆ. ಈ ಲಕ್ಷಣಗಳೊಂದೂ ಕಾಣದವರು ಈಗಿರುವುದನ್ನು ಬದಲಿಸುವ ಅಗತ್ಯವಿಲ್ಲ.

ಕ್ರ್ಯಾಂಕ್ ಚಿಕ್ಕದಾದರೆ ಶಕ್ತಿ ಕುಂದುತ್ತದೆ ಎಂಬ ಭಯ ಬಹಳ ಜನರಲ್ಲಿದೆ. ಸಂಶೋಧಕರಾದ ಜಿಮ್ ಮಾರ್ಟಿನ್ ಮತ್ತು ಸ್ಪಿರ್ಡುಸೊ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 120ರಿಂದ 220 ಮಿ.ಮೀ. ವರೆಗಿನ ಐದು ಉದ್ದಗಳನ್ನು ಪರೀಕ್ಷಿಸಿದಾಗ, ಗರಿಷ್ಠ ಶಕ್ತಿಯಲ್ಲಿ ಕಂಡ ವ್ಯತ್ಯಾಸ ಸುಮಾರು ಶೇ 4 ಮಾತ್ರ. ಅದೂ ಎರಡು ತುದಿಗಳಲ್ಲಿ. 2024ರಲ್ಲಿ ಸೈಕಲ್ ಸ್ಪರ್ಧಿ ತಾದೇಯ್ ಪೊಗಾಚಾರ್ 165 ಮಿ.ಮೀ. ಕ್ರ್ಯಾಂಕಿನಲ್ಲೇ ಟೂರ್ ಡಿ ಫ್ರಾನ್ಸ್ ಗೆದ್ದರು. ಆದರೆ 175ರಿಂದ 165ಕ್ಕೆ ಇಳಿದಾಗ ಸನ್ನೆಯ ಬಲ ಸುಮಾರು ಶೇ 6ರಷ್ಟು ಕಡಿಮೆಯಾಗುವುದು ನಿಜ. ಅದನ್ನು ಕಾಲಿನ ಬಲದಿಂದಲ್ಲ, ಗೇರಿನಿಂದ ಸರಿದೂಗಿಸಬೇಕು: ಒಂದು ಗೇರು ಹಗುರ ಮಾಡಿ, ನಿಮಿಷಕ್ಕೆ 85 ಸುತ್ತು ತುಳಿಯುತ್ತಿದ್ದವರು 90 ತುಳಿದರೆ ಸಾಕು. ಬದಿಯಡ್ಕ, ಪೆರ್ಲದ ಏರುಗಳಲ್ಲಿ ಅಭ್ಯಾಸ ಮಾಡುವವರು ಹಿಂದಿನ ದೊಡ್ಡ ಗೇರನ್ನು 28 ಹಲ್ಲಿನಿಂದ 30ಕ್ಕೋ 32ಕ್ಕೋ ಏರಿಸಿಕೊಳ್ಳುವುದು ಒಳ್ಳೆಯದು.

ಎತ್ತರದಿಂದ ಉದ್ದವನ್ನು ಲೆಕ್ಕ ಹಾಕುವ ಸೂತ್ರಗಳ ಮೇಲೆ ನನಗೆ ಹೆಚ್ಚು ನಂಬಿಕೆಯಿಲ್ಲ, ಏಕೆಂದರೆ ಸೊಂಟ ಎಷ್ಟು ಬಾಗುತ್ತದೆ ಎಂಬುದನ್ನು ಅವು ಅಳೆಯುವುದಿಲ್ಲ. ಐದು ಅಡಿ ಏಳು ಇಂಚಿನೊಳಗಿನವರು 165ರಿಂದ ಆರಂಭಿಸಿ, ಇನ್ನೂ ಬಿಗಿ ಎನಿಸಿದರೆ 160ಕ್ಕೆ ಇಳಿಯುವುದು ಸೂಕ್ತ. ಕೊಳ್ಳುವ ಮೊದಲು ಹೊಸ ಕ್ರ್ಯಾಂಕಿನ ಅಚ್ಚು ನಿಮ್ಮ ಚೌಕಟ್ಟಿನ ಬೇರಿಂಗಿಗೆ ಹೊಂದುತ್ತದೆಯೇ ಎಂದು ಖಚಿತಪಡಿಸಿಕೊಳ್ಳಿರಿ. ಕಡಲಿನ ಉಪ್ಪುಗಾಳಿಯಲ್ಲಿ ಪೆಡಲಿನ ತಿರುಪು ಬೇಗ ತುಕ್ಕು ಹಿಡಿಯುವುದರಿಂದ ಗ್ರೀಸ್ ಹಚ್ಚಿಯೇ ಜೋಡಿಸಬೇಕು. ಎಡಪೆಡಲಿನ ತಿರುಪು ಉಲ್ಟಾ ಎಂಬುದು ನೆನಪಿರಲಿ.

ಕ್ರ್ಯಾಂಕ್ ಕೂರಿಸಿದ ಮೇಲೆ ಸೀಟಿನ ಸರದಿ. ಕ್ರ್ಯಾಂಕ್ ಎಷ್ಟು ಚಿಕ್ಕದಾಯಿತೋ ಸೀಟನ್ನು ಅಷ್ಟೇ ಏರಿಸಬೇಕು. 10 ಮಿ.ಮೀ. ಚಿಕ್ಕದಾದಾಗ ಪೆಡಲ್ ಏರುವ ಮೇಲ್ತುದಿ 10 ಮಿ.ಮೀ. ಕೆಳಗಿಳಿಯುತ್ತದೆ, ಸೀಟು 10 ಮಿ.ಮೀ. ಏರುತ್ತದೆ, ಹೀಗೆ ಸೊಂಟಕ್ಕೆ ಸಿಗುವ ಎಡೆ 20 ಮಿ.ಮೀ. ಸೀಟನ್ನು ಏರಿಸದೆ ಬಿಟ್ಟವರಿಗೆ ಅರ್ಧ ಲಾಭವಷ್ಟೇ ಸಿಕ್ಕಿ ಮೊಣಕಾಲಿನ ಮುಂಭಾಗ ನೋಯಲು ತೊಡಗುತ್ತದೆ. ಎತ್ತರ ಸರಿಯೇ ಎಂದು ನೋಡಲು ಪೆಡಲನ್ನು ಕೆಳತುದಿಗೆ ತಂದು ಹಿಮ್ಮಡಿಯನ್ನು ಅದರ ಮೇಲಿಡಿರಿ. ಸೊಂಟ ವಾಲದೆ ಕಾಲು ನೇರವಾಗಬೇಕು. ಎಂದಿನಂತೆ ಮುಂಗಾಲಿಟ್ಟಾಗ ಮಂಡಿ 25ರಿಂದ 35 ಡಿಗ್ರಿ ಬಾಗಿರಬೇಕು. ಅನಂತರ ಸೀಟನ್ನು ಮುಂದಕ್ಕೆ ಸರಿಸಿರಿ. ಸಾಮಾನ್ಯ ರೋಡ್ ಸೈಕಲ್ಲಿನ ಸೀಟುಕೊಳವೆ ನೆಲಕ್ಕೆ ಮಾಡುವ ಕೋನ 72ರಿಂದ 74 ಡಿಗ್ರಿ ಇದ್ದರೆ, ಟ್ರಯಥ್ಲಾನಿನಲ್ಲಿ ಸವಾರ 76ರಿಂದ 80 ಡಿಗ್ರಿಗೆ ಸಮನಾಗಿ ಮುಂದೆ ಕೂರುತ್ತಾನೆ. ಇದರಿಂದಲೂ ಸೊಂಟ ತೆರೆದುಕೊಳ್ಳುತ್ತದೆ.

ಮೊಣಕೈ ಊರುವ ಪ್ಯಾಡುಗಳು ಕೊನೆಗೆ. ಸೀಟು ಏರಿದಷ್ಟೇ ಅವನ್ನೂ ಏರಿಸಿ, ತೋಳು ಮತ್ತು ಮೈಯ ನಡುವಿನ ಕೋನ 90 ಡಿಗ್ರಿಯ ಆಸುಪಾಸಿನಲ್ಲಿರುವಂತೆ ಹೊಂದಿಸಿರಿ. ಅಲ್ಲಿ ಆರಾಮವಾಗಿ ಉಸಿರಾಡಲು ಸಾಧ್ಯವಾದ ಮೇಲಷ್ಟೇ ಪ್ಯಾಡನ್ನು 5 ಮಿ.ಮೀ.ನಂತೆ ತಗ್ಗಿಸುತ್ತ ಹೋಗಬಹುದು. ತುಳಿಯುವ ಶಕ್ತಿಯನ್ನು ಅಳೆಯುವ ಪವರ್ ಮೀಟರ್ ಪೆಡಲಿನಲ್ಲಿದ್ದರೆ ಹೊಸ ಉದ್ದವನ್ನು ಅದರಲ್ಲಿ ನಮೂದಿಸಿರಿ, ಇಲ್ಲದಿದ್ದರೆ ಅದು ತಪ್ಪು ವ್ಯಾಟ್ ತೋರಿಸುತ್ತದೆ.

ಎರಡು ವಾರ ಹಗುರವಾಗಿ ತುಳಿದು ರೂಢಿಯಾದ ಬಳಿಕ ಬೇಕಲದಿಂದ ಹೊಸದುರ್ಗದ ಕಡೆಗೆ ಬೆಳಗಿನ ಹೊತ್ತು, ಏರೋಬಾರಿನಿಂದ ಕೈ ತೆಗೆಯದೆ ಹೋಗಬಹುದಾದಷ್ಟು ದೂರ ಹೋಗಿ, ಇಳಿದ ಕೂಡಲೇ 2 ಕಿ.ಮೀ. ಓಡಿ ನೋಡಿರಿ. ತೊಡೆಸಂದು ಬಿಗಿದಿದ್ದರೆ ಪ್ಯಾಡನ್ನು ಏರಿಸಿರಿ. ಮಂಡಿಯ ಹಿಂಭಾಗ ಎಳೆದಂತಾದರೆ ಸೀಟನ್ನು 3 ಮಿ.ಮೀ. ಇಳಿಸಿರಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಅದರ ಅಳತೆಯನ್ನು ಬರೆದಿಟ್ಟುಕೊಳ್ಳಿರಿ.