ಮೋಡಲ್ ಕ್ರಿಯಾಪದಗಳ ಪಾಠ: ‘ನಾಟ್’ನಿಂದ ಶುರು ಮಾಡಿದ ನನ್ನ ಅನುಭವ

ಇಂಗ್ಲಿಷಿನ ಮೋಡಲ್‌ಗಳನ್ನು, ಅಂದರೆ ಸಾಮರ್ಥ್ಯ, ಕಡ್ಡಾಯ, ಸಾಧ್ಯತೆ ಹೇಳುವ ಕ್ಯಾನ್, ಮಸ್ಟ್, ಮೈಟ್‌ಗಳಂಥ ಸಹಾಯಕ ಕ್ರಿಯಾಪದಗಳನ್ನು, ಕೋಷ್ಟಕ ಹಾಕಿ ಕಲಿಸುವುದನ್ನು ಬಿಟ್ಟು ಹೆಚ್ಚೂಕಡಿಮೆ 4 ವರ್ಷವಾಯಿತು. ಈಗ ‘ನಾಟ್’ ಸೇರಿದ ನಿಷೇಧ ರೂಪದಿಂದಲೇ ಪಾಠ ಶುರು. ‘ಹೌದು ಎನ್ನಲು ಬಾರದವರಿಗೆ ಇಲ್ಲ ಎನ್ನುವುದನ್ನು ಕಲಿಸುತ್ತೀರಾ ಸರ್?’ ಎಂದು ಜೊತೆಯ ಶಿಕ್ಷಕರು ಆಡಿಕೊಂಡಿದ್ದರು. ಅವರಲ್ಲೇ ಇಬ್ಬರು ಈಗ ನನ್ನ ಪಾಠದ ಕಾರ್ಡುಗಳನ್ನು ಕೇಳಿ ಒಯ್ಯುತ್ತಾರೆ.

ಕೋಷ್ಟಕಗಳಿಗೆ ಸುರಿದ ಹಣ ನೆನೆದರೆ ಇಂದಿಗೂ ಹೊಟ್ಟೆ ಉರಿಯುತ್ತದೆ. ಬಣ್ಣದ ಮುದ್ರಣ, ಲ್ಯಾಮಿನೇಷನ್ ಎಂದು ಒಂದು ಬ್ಯಾಚಿನ ಶುಲ್ಕದ ಮೂರನೇ ಒಂದು ಪಾಲು ಅದಕ್ಕೇ ಹೋಗಿತ್ತು. ಕಲಿಯುವವರು ಗಿಣಿಪಾಠ ಒಪ್ಪಿಸಿದರು, ಬಾಯಿ ತೆರೆದರೆ ಅದೇ ತಪ್ಪು, ‘ಹಿ ಕ್ಯಾನ್ಸ್’, ‘ಐ ಮಸ್ಟ್ ಟು ಗೋ’. ತಿಂಗಳು ತುಂಬುವಷ್ಟರಲ್ಲಿ ಅರ್ಧ ಜನ ಬಿಟ್ಟರು, ಎರಡನೇ ಕಂತು ಬರಲೇ ಇಲ್ಲ.

ಹೌದು ಎನ್ನುವಾಗ ಮಸ್ಟ್ ಮತ್ತು ಹ್ಯಾವ್ ಟು ಎರಡೂ ‘ಮಾಡಲೇಬೇಕು’ ಎನ್ನುತ್ತಾ ಅಕ್ಕಪಕ್ಕದಲ್ಲೇ ಇರುತ್ತವೆ. ನಾಟ್ ಸೇರಿತೋ, ಎರಡೂ ದಿಕ್ಕಾಪಾಲು. ಮೇಜಿನ ಮೇಲೆ ಮುಚ್ಚಿದ ಡಬ್ಬಿ ಇಟ್ಟು ‘ಯು ಮಸ್ಟ್ ನಾಟ್ ಓಪನ್ ಇಟ್’ ಎನ್ನುತ್ತೇನೆ. ಎದುರಿಗಿರುವವರು ಕೈ ಹಿಂದಕ್ಕೆ ಎಳೆದುಕೊಳ್ಳಬೇಕು. ‘ಯು ಡೋಂಟ್ ಹ್ಯಾವ್ ಟು ಓಪನ್ ಇಟ್’ ಎಂದಾಗ ತೆರೆದರೂ ಸರಿ, ಬಿಟ್ಟರೂ ಸರಿ. ತಪ್ಪಿದವರಿಗೆ ವಿವರಣೆ ಕೊಡುವುದಿಲ್ಲ, ಅದೇ ವಾಕ್ಯವನ್ನು ಮತ್ತೆ ಹೇಳುತ್ತೇನೆ. ಹ್ಯಾವ್ ಟು ಮಾತ್ರ ‘ಡೂ’ ಬೇಡುತ್ತದೆ, ಮಸ್ಟ್‌ಗೆ ನಾಟ್ ನೇರವಾಗಿ ಅಂಟುತ್ತದೆ ಎಂಬುದು ನಾಲ್ಕೈದು ತರಗತಿಗಳಲ್ಲಿ ಕಿವಿಗೇ ಗೊತ್ತಾಗುತ್ತದೆ. ‘ಮಸ್ಟ್ ಟು’ ತಾನಾಗಿ ಉದುರಿಹೋಗುತ್ತದೆ. ಇದನ್ನು ಯಾವ ಕೋಷ್ಟಕವೂ ಮಾಡಿಕೊಟ್ಟಿರಲಿಲ್ಲ.

ಸಾಧ್ಯತೆಗೆ ಬಟ್ಟೆ ಚೀಲ. ಒಳಗಿನ ವಸ್ತುವನ್ನು ಹೊರಗಿನಿಂದ ತಡವಿ ನೋಡಬೇಕು. ಮೊದಲು ‘ಇಟ್ ಕಾಂಟ್ ಬಿ ಎ ಬುಕ್’, ಆಮೇಲೆ ‘ಇಟ್ ಮೈಟ್ ಬಿ ಎ ಕೀ’, ಹಲ್ಲುಗಳು ಬೆರಳಿಗೆ ಸಿಕ್ಕ ಮೇಲೆ ‘ಇಟ್ ಮಸ್ಟ್ ಬಿ ಎ ಕೀ’. ಖಚಿತ ಊಹೆಯ ಮಸ್ಟ್‌ಗೆ ಎದುರಾಗಿ ಸಾಮಾನ್ಯವಾಗಿ ಬರುವುದು ಕಾಂಟ್ ಎಂಬುದು ಇಲ್ಲಿಯೇ ಕೂತುಬಿಡುತ್ತದೆ. ಚೀಲಕ್ಕೆ ಏನೇನನ್ನು ಯಾವ ಕ್ರಮದಲ್ಲಿ ಹಾಕುತ್ತೇನೆ ಎಂಬುದನ್ನು ಬರೆಯುವುದಿಲ್ಲ. ನನ್ನ ತರಗತಿ ನಡೆಯುವುದೇ ಅದರ ಮೇಲೆ.

ನಡುವೆ ಭೂತಕಾಲದ ಸಾಮರ್ಥ್ಯಕ್ಕೆಂದು ಮೊಬೈಲಿನಲ್ಲಿ ಧ್ವನಿ ಸಂದೇಶ ತರಿಸಿ ನೋಡಿದೆ. ಚಿಕ್ಕಂದಿನಿಂದ ಬರುತ್ತಿದ್ದ ಈಜಿಗೆ ‘ಐ ಕುಡ್ ಸ್ವಿಮ್’; ನಿನ್ನೆ ಒಂದು ಸಲ ಹೇಗೋ ಬಾಗಿಲು ತೆಗೆದದ್ದಕ್ಕೆ ‘ಐ ವಾಸ್ ಏಬಲ್ ಟು ಓಪನ್ ದ ಡೋರ್’. ಆಗಲಿಲ್ಲ ಎನ್ನುವುದಕ್ಕಾದರೆ ಎರಡು ಕಡೆಯೂ ‘ಕುಡಂಟ್’ ಸಾಕು. ನೋಡಿ, ಇಲ್ಲಿಯೂ ನಾಟ್‌ನ ದಾರಿಯೇ ಹಗುರ! ಫಲ ಚೆನ್ನಾಗಿತ್ತು, ಆದರೆ ಸಂದೇಶ ಕೇಳಿ ತಿದ್ದುವುದಕ್ಕೆ ದಿನವೂ ರಾತ್ರಿ ಒಂದು ಗಂಟೆ ಹೋಗುತ್ತಿತ್ತು. ಆ ಸಮಯಕ್ಕೆ ಯಾರೂ ಶುಲ್ಕ ಕೊಡುವುದಿಲ್ಲ. ಹಾಗಾಗಿ ವಾರಕ್ಕೆ ಎರಡಕ್ಕೆ ಇಳಿಸಿದೆ.

ಕಳೆದ ಬ್ಯಾಚಿನಲ್ಲಿ ಸುಮಾರು 25 ಜನ, ಬಿಟ್ಟವರು ಇಬ್ಬರೋ ಮೂವರೋ. ಉಳಿದವರು ಎರಡನೇ ಕಂತನ್ನು ಕೇಳುವ ಮೊದಲೇ ಕಟ್ಟಿದರು. ‘ಮಾಡಬೇಕಿತ್ತು’ ಎನ್ನುವ ‘ಶುಡ್ ಹ್ಯಾವ್’ ಇನ್ನೂ ಪೂರ್ತಿ ಹಿಡಿತಕ್ಕೆ ಬಂದಿಲ್ಲ. ಅದನ್ನೂ ಈ ಸಲ ‘ಶುಡಂಟ್ ಹ್ಯಾವ್’ನಿಂದಲೇ ತೊಡಗಿಸುತ್ತಿದ್ದೇನೆ.