ಕೋಜಾಗಿರಿಯಿಂದ ಹ್ಯಾಲೋವೀನ್‌ವರೆಗೆ ನಮ್ಮ ಮನೆಯ ದೆವ್ವದ ಸಿನಿಮಾಗಳು

ಹುಟ್ಟಿ ಬೆಳೆದದ್ದು ಧಾರವಾಡದಲ್ಲಿ, ಸಂಸಾರ ಹೂಡಿದ್ದು ಪುಣೆಯ ಕೋಥರೂಡಿನಲ್ಲಿ. ಇಲ್ಲಿ ಕೋಜಾಗಿರಿ ಹುಣ್ಣಿಮೆಗೆ ಬಿಲ್ಡಿಂಗಿನವರೆಲ್ಲ ಟೆರೇಸಿನಲ್ಲಿ ಸೇರಿ ಮಸಾಲೆ ಹಾಲು ಕುಡಿಯುತ್ತೇವೆ. 'ಕೋ ಜಾಗರ್ತಿ', ಯಾರು ಎಚ್ಚರ ಇದ್ದೀರಿ ಎಂದು ಲಕ್ಷ್ಮಿ ಕೇಳುತ್ತ ಬರುವ ರಾತ್ರಿ ಅದು, ಮಲಗುವ ಹಾಗಿಲ್ಲ. ಹೊತ್ತು ಹೋಗಲು ಮಕ್ಕಳು ದೆವ್ವದ ಕಥೆ ತೆಗೆಯುತ್ತಿದ್ದರು. ಪುಣೆಯ ಮಕ್ಕಳ ಬಾಯಲ್ಲಿ ಪೇಶ್ವೆಗಳ ಅರಮನೆ ಶನಿವಾರವಾಡೆಯ ಕಥೆಯೇ ಮೊದಲು: 1773ರಲ್ಲಿ ಅಲ್ಲಿ ಕೊಲೆಯಾದ ನಾರಾಯಣರಾವ್ ಪೇಶ್ವೆ ಈಗಲೂ ರಾತ್ರಿ 'ಕಾಕಾ, ಮಲಾ ವಾಚವಾ', ಕಾಕಾ ನನ್ನನ್ನು ಉಳಿಸು ಎಂದು ಕೂಗುತ್ತಾನಂತೆ. ನಾನು ನಮ್ಮ ಕಡೆಯ 'ನಾಳೆ ಬಾ' ಕಥೆ ಹೇಳಿದೆ. ಬೆಂಗಳೂರಿನ ಚಿಕ್ಕಮ್ಮನ ಮನೆಯ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದದ್ದನ್ನು ಚಿಕ್ಕವಳಿದ್ದಾಗ ನಾನೇ ಕಂಡಿದ್ದೆ. ರಾತ್ರಿ ಬಂದು ನಮ್ಮವರ ದನಿಯಲ್ಲೇ ಕರೆಯುವ ದೆವ್ವ ಅದನ್ನು ಓದಿ ತಿರುಗಿ ಹೋಗುತ್ತದೆ, ಮರುದಿನ ಬಂದು ಮತ್ತೆ ಓದುತ್ತದೆ. ಕಥೆ ಮುಗಿದಾಗ ನನ್ನ ತಂಗಿಯ ಮಗಳು, "ದೊಡ್ಡವ್ವಾ, ಹ್ಯಾಲೋವೀನ್ ಬರಾಕತ್ತೇತಿ, ಒಂದ್ ದೆವ್ವದ ಸಿನಿಮಾ ತೋರಸು" ಅಂದಳು. ಏಳು ವರ್ಷವಾಯಿತು. ಅಂದಿನಿಂದ ಪ್ರತಿ ಅಕ್ಟೋಬರಿನ ಶನಿವಾರ ರಾತ್ರಿ ನಮ್ಮ ಹಾಲಿನಲ್ಲಿ ಹನ್ನೆರಡು ಹದಿನೈದು ಜನ ಸೇರುತ್ತಾರೆ.

ಮೊದಲ ವರ್ಷ ನಾನು ಮಾಡಿದ್ದು ತಪ್ಪು. ಎಲ್ಲಕ್ಕಿಂತ ಹೆಚ್ಚು ಹೆದರಿಸುವುದು ಯಾವುದು ಎಂದು ಹುಡುಕಿ, 1973ರ 'ದಿ ಎಕ್ಸಾರ್ಸಿಸ್ಟ್' ಅನ್ನು ಮೊದಲ ಶನಿವಾರವೇ ಹಾಕಿದೆ. ಕೂತವರಲ್ಲಿ ಹದಿನಾಲ್ಕು ವರ್ಷದ ಹುಡುಗಿಯೊಬ್ಬಳಿದ್ದಳು. ಮೂರು ರಾತ್ರಿ ಅವಳು ನಿದ್ದೆ ಮಾಡಲಿಲ್ಲ. ನಾಲ್ಕನೆಯ ದಿನ ಅವರಮ್ಮ ಬಾಗಿಲಿಗೆ ಬಂದು ನಿಂತರು. ಬೈಯಲಿಲ್ಲ. "ನೀವು ನೋಡಿ ತೋರಿಸಿರ್ತೀರಿ ಅಂದ್ಕೊಂಡಿದ್ದೆ" ಅಂದರು ಅಷ್ಟೆ. ಆ ಮಾತು ಈಗಲೂ ಚುಚ್ಚುತ್ತದೆ. ಆ ಸಿನಿಮಾದಲ್ಲಿ ನನ್ನ ಎದೆ ಹಿಂಡುವುದು ತಿರುಗುವ ತಲೆಯಲ್ಲ. ಅದಕ್ಕೂ ಮೊದಲು ಆಸ್ಪತ್ರೆಯಲ್ಲಿ ದೆವ್ವ ಹಿಡಿದ ಹುಡುಗಿಗೆ ನಡೆಸುವ ಪರೀಕ್ಷೆಗಳು, ಒಬ್ಬ ಡಾಕ್ಟರಿಂದ ಇನ್ನೊಬ್ಬರ ಹತ್ತಿರ ಓಡುವ ಅವಳ ತಾಯಿ. ಹದಿನಾಲ್ಕರ ಹುಡುಗಿಗೆ ಅದು ಕಾಣಬೇಕು ಎಂದರೆ ಹೇಗೆ ಕಂಡೀತು? ಈಗ ಅದು ನನ್ನ ಪಟ್ಟಿಯಲ್ಲಿಲ್ಲ.

ಆಮೇಲೆ ತಿಳಿಯಿತು, ಯಾವುದು ಹೆಚ್ಚು ಹೆದರಿಸುತ್ತದೆ ಎನ್ನುವುದಕ್ಕಿಂತ ಯಾವುದರ ನಂತರ ಯಾವುದು ಎನ್ನುವುದೇ ಮುಖ್ಯ. ಒಂದು ಸಿನಿಮಾ ಮುಂದಿನದನ್ನು ನೋಡುವ ಕಣ್ಣನ್ನೂ ಕೇಳುವ ಕಿವಿಯನ್ನೂ ಕೊಡಬೇಕು.

ಅದಕ್ಕೇ ಮೊದಲ ಶನಿವಾರ ಮನೆಯ ಭಾಷೆಯದು. 1979ರ 'ನಾ ನಿನ್ನ ಬಿಡಲಾರೆ' ಹಾಕುತ್ತೇನೆ. ಹೆಣ್ಣು ದೆವ್ವವೊಂದು ಗಂಡಸಿನ ಮೈಮೇಲೆ ಬರುವ ಕಥೆ. ಅನಂತ್ ನಾಗ್ ದನಿ, ನೋಟ, ಕೂರುವ ಭಂಗಿ ಬದಲಾಗುವುದನ್ನು ನೋಡಿದರೆ ಸಾಕು, ಮೇಕಪ್ಪು ಯಾತಕ್ಕೆ ಅನಿಸುತ್ತದೆ. ಸಬ್‌ಟೈಟಲ್ ಓದುವ ಕಷ್ಟವಿಲ್ಲದೆ ನಮ್ಮವರು ನಟನ ಮುಖವನ್ನೇ ನೋಡುತ್ತಾರೆ. ಮರಾಠಿಯವರಿಗೆ ನನ್ನ ಗಂಡ ಪಕ್ಕದಲ್ಲಿ ಕೂತು ಪಿಸುಗುಟ್ಟುತ್ತಾರೆ. ಕೆಲವು ವರ್ಷ ಇದರ ಬದಲು 2004ರ 'ಆಪ್ತಮಿತ್ರ' ಹಾಕಿದ್ದೂ ಉಂಟು. ಅದು ತೆರೆಗೆ ಬರುವ ಮೊದಲೇ ಸೌಂದರ್ಯ ತೀರಿಕೊಂಡಿದ್ದರು. ಆ ನಾಗವಲ್ಲಿಯ ಕಣ್ಣು ನೋಡುವಾಗ ನಮ್ಮ ವಯಸ್ಸಿನವರಿಗೆ ಹೆದರಿಕೆಗಿಂತ ಸಂಕಟವೇ ಹೆಚ್ಚು.

ಎರಡನೆಯ ಶನಿವಾರ ಕಪ್ಪು ಬಿಳುಪು. ಹುಡುಗರು ಮೊದಮೊದಲು ಮುಖ ಸಿಂಡರಿಸುತ್ತಿದ್ದರು, ಈಗ ಇದೇ ದಿನಕ್ಕೆ ಕಾಯುತ್ತಾರೆ. ಬಾಂಬೆ ಟಾಕೀಸ್‌ನ 'ಮಹಲ್', 1949. ಕಥೆಯ ತರ್ಕ ಅಲ್ಲಲ್ಲಿ ಸಡಿಲ. ಆದರೆ ಅದರ 'ಆಯೇಗಾ ಆನೇವಾಲಾ' ಹಾಡಿನ ದನಿ ದೂರದಿಂದ ಹತ್ತಿರ ಬರುವುದಿದೆಯಲ್ಲ, ಅದಕ್ಕೋಸ್ಕರ ನೋಡಲೇಬೇಕು. ಲತಾ ಮಂಗೇಶ್ಕರ್ ಮೈಕಿನಿಂದ ದೂರ ನಿಂತು, ಹಾಡುತ್ತ ಹಾಡುತ್ತ ಮೈಕಿನತ್ತ ನಡೆದು ಬಂದರು ಎಂದು ಹೇಳುತ್ತಾರೆ. ಆ ಹಾಡು ಬಂದಾಗ ಮಾತ್ರ ನಾನು ಎಲ್ಲರಿಗೂ ಕಣ್ಣು ಮುಚ್ಚಲು ಹೇಳುತ್ತೇನೆ. ಕಣ್ಣು ಮುಚ್ಚಿದವರ ಬೆನ್ನ ಹಿಂದೆ ಯಾರೋ ನಡೆದಂತಾಗುತ್ತದೆ. ದೆವ್ವದ ಸಿನಿಮಾವನ್ನು ಕಿವಿಯಿಂದ ನೋಡಬೇಕು ಎನ್ನುವುದನ್ನು ಮಾತಿನಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ.

ನಂಬಿದವರಿಗೆ ಮೂರನೆಯ ಶನಿವಾರ 'ಸೈಕೋ', 1960. ಸ್ನಾನದ ಮನೆಯ ಕೊಲೆಯ ದೃಶ್ಯವನ್ನು ಸಂಗೀತವಿಲ್ಲದೆ ಬಿಡಬೇಕೆಂದು ನಿರ್ದೇಶಕ ಹಿಚ್‌ಕಾಕ್ ಮೊದಲು ಅಂದುಕೊಂಡಿದ್ದ. ಸಂಗೀತ ಮಾಡಿದ ಬರ್ನಾರ್ಡ್ ಹರ್ಮನ್ ಬರೀ ತಂತಿವಾದ್ಯಗಳಲ್ಲಿ ಆ ಚೀರುವ ಸ್ವರ ಮಾಡಿ ಕೇಳಿಸಿದ ಮೇಲೆ ಮನಸ್ಸು ಬದಲಿಸಿದ. ಸಿನಿಮಾ ಪೂರ್ತಿ ಮುಗಿದ ಮೇಲೆ ಆ ದೃಶ್ಯವನ್ನು ದನಿ ಮುಚ್ಚಿ ಇನ್ನೊಮ್ಮೆ ಹಾಕುತ್ತೇನೆ. ಚಾಕು ಮೈಗೆ ತಾಗುವುದನ್ನು ನಾವು ನೋಡಿಯೇ ಇಲ್ಲ ಅನ್ನುವಷ್ಟು ಕಡಿಮೆ ತೋರಿಸಿದ್ದಾನೆ ಎಂದು ಆಗ ಗೊತ್ತಾಗುತ್ತದೆ. ಮೋರಿಯಲ್ಲಿ ಸುತ್ತಿ ಇಳಿಯುವ ರಕ್ತ ಚಾಕೊಲೇಟ್ ಸಿರಪ್ಪು.

ನಾನು ಕಾಯುವುದು ಬೇರೊಂದು ಗಳಿಗೆಗೆ. ಕೊಲೆಯಾದ ಮೇಲೆ ಮೋಟೆಲ್ ನಡೆಸುವ ನಾರ್ಮನ್ ಸತ್ತ ಹೆಂಗಸಿನ ಕಾರನ್ನು ಕೆಸರಿಗೆ ನೂಕುತ್ತಾನೆ. ಕಾರು ಮುಳುಗುತ್ತ ಮುಳುಗುತ್ತ ಅರ್ಧಕ್ಕೆ ನಿಂತುಬಿಡುತ್ತದೆ. ಅವನು ಆಚೀಚೆ ನೋಡುತ್ತಾನೆ. ನಾನು ಆ ಹೊತ್ತಿಗೆ ಟಿವಿ ನೋಡುವುದಿಲ್ಲ, ಕೂತವರ ಮುಖ ನೋಡುತ್ತೇನೆ. ಪಕ್ಕದ ಮನೆಯ ಕಾಕು ಎಪ್ಪತ್ತು ದಾಟಿದವರು, ದಿನಾ ಗಣಪತಿ ಅಥರ್ವಶೀರ್ಷ ಹೇಳುವವರು. ಸೆರಗನ್ನು ಮುಷ್ಟಿಯಲ್ಲಿ ಹಿಡಿದು, ಉಸಿರು ಬಿಗಿಹಿಡಿದು ಕೂತಿದ್ದರು. ಕಾರು ಮತ್ತೆ ಮುಳುಗಿತು. ಕಾಕು ಉಸಿರು ಬಿಟ್ಟರು, ಆಮೇಲೆ ನನ್ನತ್ತ ತಿರುಗಿ, "ಅದು ಮುಳುಗಲಿ ಅಂತ ನಾನ್ಯಾಕೆ ಬೇಡಿಕೊಂಡೆ?" ಎಂದು ಮರಾಠಿಯಲ್ಲಿ ಕೇಳಿದರು. ಆ ರಾತ್ರಿ ಗಿರಮಿಟ್ಟು ತಿನ್ನುವಾಗ ಒಂದು ಗಂಟೆ ಅದೇ ಚರ್ಚೆ.

ಗಿರಮಿಟ್ಟು ಯಾವಾಗಲೂ ಸಿನಿಮಾ ಮುಗಿದ ಮೇಲೆಯೇ. ಕುರುಂ ಕುರುಂ ಎನ್ನುವ ಯಾವುದೂ ನಡುವೆ ಇಲ್ಲ, ಬೇಸನ್ ಉಂಡಿ ಕೊಡುತ್ತೇನೆ. ಫೋನುಗಳೆಲ್ಲ ಅಡುಗೆಮನೆಯ ಸ್ಟೀಲ್ ಡಬ್ಬಿಗೆ. ಟಿವಿಯ ಒಳಗಿನ ಸ್ಪೀಕರ್ ಸಾಲದು. ಹಳೆಯ ಎರಡು ಸ್ಪೀಕರುಗಳನ್ನು ಕೂತವರ ಕಿವಿಯ ಎತ್ತರಕ್ಕೆ, ಟಿವಿಯ ಎರಡೂ ಬದಿಗೆ ಸ್ಟೂಲಿನ ಮೇಲಿಡುತ್ತೇನೆ. ಚಿತ್ರವನ್ನು ನುಣುಪು ಮಾಡುವ ಸೆಟ್ಟಿಂಗ್ ಹೊಸ ಟಿವಿಗಳಲ್ಲಿರುತ್ತದೆ, ಅದನ್ನು ಆರಿಸಲೇಬೇಕು. ಇಲ್ಲದಿದ್ದರೆ 1960ರ ಸಿನಿಮಾ ಧಾರಾವಾಹಿಯಂತೆ ಕಾಣುತ್ತದೆ. ಇಷ್ಟು ಮಾಡಿದ ಮೇಲೆ ಲೈಟು ಪೂರ್ತಿ ಬಂದ್, ಇಂಟರ್ವಲ್ ಇಲ್ಲ.

ನಾಲ್ಕನೆಯ ಶನಿವಾರ ಹದಿನೆಂಟು ದಾಟಿದವರಿಗೆ ಮಾತ್ರ, 2018ರ 'ತುಂಬಾಡ್'. ರಾಹಿ ಅನಿಲ್ ಬರ್ವೆ ನಿರ್ದೇಶನ. ಸೆನ್ಸಾರಿನವರು ಎ ಕೊಟ್ಟಿದ್ದಾರೆ, ಆ ಮೊದಲ ವರ್ಷದ ನಂತರ ನಾನು ಆ ಅಕ್ಷರವನ್ನು ಮೀರುವುದಿಲ್ಲ. ಪುಣೆಯಲ್ಲಿ ಕೂತು ನೋಡಲು ಇದಕ್ಕಿಂತ ಹತ್ತಿರದ ಸಿನಿಮಾ ಇಲ್ಲ. ಕಥೆಯ ವಿನಾಯಕ ಪುಣೆಯಲ್ಲಿ ಸಂಸಾರ ಮಾಡಿಕೊಂಡು, ದುಡ್ಡು ಬೇಕಾದಾಗಲೆಲ್ಲ ಕೊಂಕಣದ ಆ ಮಳೆಯ ಊರಿಗೆ ಹೋಗಿ ಬರುತ್ತಾನೆ. ಮಳೆ ನಿಲ್ಲುವುದೇ ಇಲ್ಲ. ಕೆಳಗಿನ ಮಹಡಿಯ ಕಾಕಾ ಮರಾಠಿಯಲ್ಲಿ ಭಯಕಥೆ ಬರೆದ ನಾರಾಯಣ ಧಾರಪರನ್ನು ಲೈಬ್ರರಿಯಿಂದ ತಂದು ಓದಿ ಬೆಳೆದವರು. ಆ ಅಜ್ಜಿಯ ದೃಶ್ಯದಲ್ಲಿ ಧಾರಪರ ನೆರಳನ್ನು ಅವರೇ ನಮಗೆ ಗುರುತು ಹಿಡಿದು ಹೇಳಿದ್ದು. ನನಗೆ ಅದರಲ್ಲಿ ತಡೆಯಲಾರದ್ದು ಹಿಟ್ಟು. ಚಿನ್ನವೆಲ್ಲ ಕೈಯಲ್ಲಿದ್ದರೂ ಅನ್ನಕ್ಕೆ ಹಸಿದ ಹಸ್ತರ್ ಎಂಬ ಆ ದೆವ್ವಕ್ಕೆ ಕಣಕದ ಗೊಂಬೆಯ ಆಮಿಷ. ದಿನವೂ ಚಪಾತಿಗೆ ಕಣಕ ಕಲಸುವ ಕೈ ನನ್ನದು. ಮರುದಿನ ಬೆಳಿಗ್ಗೆ ಪರಾತಿನ ಮುಂದೆ ಕೂತಾಗ ಆ ಗರ್ಭಗುಡಿಯ ಕೆಂಪು ಕಣ್ಣ ಮುಂದೆ ಬಂದು ಕೈ ನಿಂತಿತು.

"ಅವರ ದೆವ್ವದ ಹಬ್ಬ ನಮ್ಮ ಮನ್ಯಾಗ ಯಾಕವಾ?" ಎಂದು ಅತ್ತೆ ಒಮ್ಮೆ ಕೇಳಿದ್ದರು. ಐರ್ಲೆಂಡ್ ಕಡೆಯ ಕೆಲ್ಟರು ಸುಗ್ಗಿ ಮುಗಿದು ಚಳಿ ಹೊಕ್ಕುವ ಆ ರಾತ್ರಿಯನ್ನು ಸತ್ತವರು ಮನೆಗೆ ಬರುವ ರಾತ್ರಿ ಎಂದು ನಂಬುತ್ತಿದ್ದರು ಎಂದು ಹೇಳಿದೆ. ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರ ಮಹಾಲಯ ಅಮಾಸಿ ಇದ್ಹಂಗ" ಅಂದರು. ಮುಂದೆ ಕೇಳಲಿಲ್ಲ.

ಅಕ್ಟೋಬರ್ 31ಕ್ಕೆ ಎರಡು ಆಟ. 2024ರಲ್ಲಿ ಮಾತ್ರ ಅಂದೇ ನರಕ ಚತುರ್ದಶಿ ಬಂದು, ನಸುಕಿನಲ್ಲಿ ಎಣ್ಣೆಸ್ನಾನಕ್ಕೆ ಏಳಬೇಕಾಗಿ, ಹಿಂದಿನ ಶನಿವಾರಕ್ಕೇ ಮುಗಿಸಿದ್ದೆವು. ಸಂಜೆ ಏಳಕ್ಕೆ ಮಕ್ಕಳಿಗೆ 2009ರ 'ಕೊರಲೈನ್'. ಗೊಂಬೆಗಳನ್ನು ಕೂದಲೆಳೆಯಷ್ಟು ಸರಿಸಿ ಸರಿಸಿ ಫೋಟೋ ತೆಗೆದು ಮಾಡಿದ ಸಿನಿಮಾ, ಕಣ್ಣಿನ ಜಾಗದಲ್ಲಿ ಗುಂಡಿ ಹೊಲಿದುಕೊಂಡ ಇನ್ನೊಬ್ಬ ಅಮ್ಮ ಅದರಲ್ಲಿದ್ದಾಳೆ. ತೀರ ಚಿಕ್ಕವರಿಗೆ ಅದೂ ಬೇಡ, ಒಂಬತ್ತು ಹತ್ತು ವರ್ಷದವರಿಗೆ ಸರಿ, ಅದೂ ತಾಯಿ ಪಕ್ಕದಲ್ಲಿದ್ದರೆ.

ಹತ್ತಕ್ಕೆ ದೊಡ್ಡವರಿಗೆ 1978ರ 'ಹ್ಯಾಲೋವೀನ್'. ಜಾನ್ ಕಾರ್ಪೆಂಟರ್ ಕಡಿಮೆ ದುಡ್ಡಿನಲ್ಲಿ ತೆಗೆದದ್ದು, ಸಂಗೀತವೂ ಅವನದೇ. ವಸಂತದಲ್ಲಿ ಚಿತ್ರೀಕರಣ ಮಾಡಿದ್ದರಿಂದ ಕಾಗದದ ಎಲೆಗಳಿಗೆ ಬಣ್ಣ ಬಳಿದು, ಹರಡಿ, ಮತ್ತೆ ಗುಡಿಸಿ ಇನ್ನೊಂದು ಬೀದಿಗೆ ಒಯ್ದು ಹರಡುತ್ತಿದ್ದರಂತೆ. ಕೊಲೆಗಾರನ ಮುಖವಾಡ ಅಂಗಡಿಯಲ್ಲಿ ಸಿಕ್ಕ ಟಿವಿ ನಟನೊಬ್ಬನ ಮುಖ, ಬಿಳಿ ಬಣ್ಣ ಹೊಡೆದದ್ದು. ಈ ಸಿನಿಮಾ ಹೆದರಿಸುವುದು ಹಗಲಲ್ಲಿ. ಹುಡುಗಿ ಕಿಟಕಿಯಿಂದ ಹಿತ್ತಲಿಗೆ ಇಣುಕುತ್ತಾಳೆ. ಒಣಹಾಕಿದ ಹಾಸಿಗೆ ಬಟ್ಟೆಗಳು ಗಾಳಿಗೆ ಅಲುಗುತ್ತಿವೆ. ಅವುಗಳ ನಡುವೆ ಅವನು ಸುಮ್ಮನೆ ನಿಂತು ಮೇಲೆ ನೋಡುತ್ತಿದ್ದಾನೆ. ಮತ್ತೆ ನೋಡಿದರೆ ಬಟ್ಟೆ ಮಾತ್ರ.

ಕಳೆದ ವರ್ಷ ಆ ದೃಶ್ಯ ಬಂದಾಗ ತಂಗಿಯ ಮಗಳು ನನ್ನ ಮೊಣಕೈ ಹಿಡಿದು, "ದೊಡ್ಡವ್ವಾ, ನಮ್ಮ ಚಾದರ ಟೆರೇಸಿನ ಮ್ಯಾಲ ಅದಾವು" ಅಂದಳು. ಸಂಜೆ ತರಲು ಮರೆತಿದ್ದೆವು. ಸಿನಿಮಾ ಮುಗಿದಾಗ ಹನ್ನೆರಡಾಗಲು ಹತ್ತು ನಿಮಿಷ. ಅವಳು ನನ್ನ ಮುಖ ನೋಡಿದಳು, ನಾನು ಗಂಡನ ಮುಖ ನೋಡಿದೆ, ಅವರು ಗಿರಮಿಟ್ಟಿಗೆ ಉಳ್ಳಾಗಡ್ಡಿ ಹೆಚ್ಚಲು ಎದ್ದು ಹೋದರು. ಬೆಳಿಗ್ಗೆ ಏಳಕ್ಕೆ ಮೇಲೆ ಹೋದಾಗ ಚಾದರಗಳು ಇಬ್ಬನಿಗೆ ಮತ್ತೆ ಒದ್ದೆಯಾಗಿ, ತಂತಿಯ ಮೇಲೆ ಭಾರವಾಗಿ ಜೋತು ಬಿದ್ದಿದ್ದವು.