ಡೆರ್, ಡೀ, ಡಾಸ್ ತಲೆನೋವು ಬಗೆಹರಿದದ್ದು ಹೀಗೆ

ಜರ್ಮನ್ ಪದ ನೆನಪಿರುತ್ತಿತ್ತು, ಅದರ ಮುಂದೆ ಬಂದು ಲಿಂಗ ತೋರಿಸುವ ಡೆರ್ (ಪುಲ್ಲಿಂಗ), ಡೀ (ಸ್ತ್ರೀಲಿಂಗ), ಡಾಸ್ (ನಪುಂಸಕ) ಮಾತ್ರ ಇಲ್ಲ. ವಾಕ್ಯದಲ್ಲಿ ವಿಭಕ್ತಿ ಬದಲಾದರೆ ಇವುಗಳ ರೂಪವೂ ಬದಲಾಗಿ ಪೂರ್ತಿ ಕಲಸುಮೇಲೋಗರ. ಕೋಷ್ಟಕ ಬಾಯಿಪಾಠ, ಬಣ್ಣದ ಚೀಟಿ ಎರಡೂ ಉಪಯೋಗಕ್ಕೆ ಬರಲಿಲ್ಲ. ಅರ್ಥ ನೋಡಿ ಊಹಿಸೋಣ ಅಂದ್ರೆ ಮೇಜು ಪುಲ್ಲಿಂಗ, ಬಾಗಿಲು ಸ್ತ್ರೀಲಿಂಗ!

ಕಾರ್ಡ್ ತೋರಿಸಿ ನೆನಪು ಮಾಡಿಸುವ ಆ್ಯಂಕಿ ಆ್ಯಪ್‌ನಲ್ಲಿ ಪ್ರತಿ ಪದಕ್ಕೂ ಎರಡು ಕಾರ್ಡ್ ಮಾಡಿದೆ. ಮೊದಲು 'ಓನೆ' (ಇಲ್ಲದೆ): ಓನೆ ಡೆನ್ ಟಿಶ್ (ಮೇಜು), ಓನೆ ಡೀ ಟ್ಯೂರ್ (ಬಾಗಿಲು), ಓನೆ ಡಾಸ್ ಫೆನ್ಸ್ಟರ್ (ಕಿಟಕಿ). ಮೂರೂ ಲಿಂಗ ಬೇರೆಬೇರೆ ಕಾಣುತ್ತವೆ. ಅದು ಗಟ್ಟಿಯಾದ ಮೇಲೆ 'ಮಿಟ್' (ಜೊತೆ): ಮಿಟ್ ಡೆಮ್ ಟಿಶ್, ಮಿಟ್ ಡೆರ್ ಟ್ಯೂರ್, ಮಿಟ್ ಡೆಮ್ ಫೆನ್ಸ್ಟರ್. ಕ್ರಮ ತಿರುಗಿಸಬೇಡಿ. ಮಿಟ್ ಬಂದಾಗ ಪುಲ್ಲಿಂಗ, ನಪುಂಸಕ ಎರಡಕ್ಕೂ ಡೆಮ್ಮೇ, ಲಿಂಗ ಗೊತ್ತಾಗುವುದಿಲ್ಲ. ಸೆಟ್ಟಿಂಗ್‌ನಲ್ಲಿ 'ಬರಿ ನ್ಯೂ ಸಿಬ್ಲಿಂಗ್ಸ್' (Bury new siblings) ಆನ್ ಇರಲಿ, ಒಂದೇ ಪದದ ಎರಡು ಹೊಸ ಕಾರ್ಡ್ ಒಂದೇ ದಿನ ಬರುವುದಿಲ್ಲ.

-ಹೈಟ್, -ಕೈಟ್ ಪ್ರತ್ಯಯದ ಪದಗಳಿಗೆ ಸುಮ್ನೆ ಕಾರ್ಡ್ ಮಾಡಬೇಡಿ, ಎಲ್ಲವೂ ಡೀ. ನೆಟ್ ಇಲ್ಲದೆಯೂ ಆ್ಯಂಕಿ ನಡೆಯುತ್ತದೆ, ತೀರ್ಥಹಳ್ಳಿ ಮಳೆಗಾಲಕ್ಕೆ ಇದು ಮುಖ್ಯ ಅಲ್ವಾ.